ಬಚ್ಚಲ ಒಲೆಯೂ ಬರ್ಲಿನ್ನಿನ ಕ್ಲಾಸೂ

ಪಕ್ಕದ ಮನೆ ಮೇಷ್ಟ್ರು ಬಚ್ಚಲ ಒಲೆಗೆ ತೆಂಗಿನ ಗರಿ ತುರುಕಿದರೆ ಹೊಗೆಯೆಲ್ಲ ನಮ್ಮ ಹಿತ್ತಲಿಗೆ. ಮೊನ್ನೆ ಬೇಲಿ ಹತ್ತಿರ ಹೋಗಿ ಜೋರಾಗಿ ಕೆಮ್ಮಿದೆ. ಅದನ್ನವರು ದೂರು ಅಂದುಕೊಳ್ಳುವುದಿಲ್ಲ, ಹರಟೆಗೆ ಬಂದ ಅಂತಲೇ ತಿಳಿಯುತ್ತಾರೆ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿ ರಿಟೈರ್ ಆದವರು.

"ಬನ್ನಿ, ಒಲೆ ಬಾಯಲ್ಲಿ ನೋಡಿ. ಉರಿ ಇಳಿದಿದೆ. ಕೆಂಡ ಯಾವುದು, ಇಟ್ಟಿಗೆ ಯಾವುದು ಹೇಳಿ ನೋಡೋಣ."

ಎಲ್ಲ ಒಂದೇ ಕೆಂಪು. ಗೊತ್ತಾಗಲಿಲ್ಲ.

"ಗೊತ್ತಾಗಲ್ಲ. ಮುಚ್ಚಿದ ಗೂಡಿನೊಳಗೆ ಬೆಳಕಿಗೆ ಸಾಮಾನು ಯಾವುದು ಅನ್ನೋದು ಬೇಡ, ಬಿಸಿ ಎಷ್ಟು ಅನ್ನೋದಷ್ಟೇ ಬೇಕು. ಕಿರ್ಕಾಫ್ 1859ರಲ್ಲೇ ಹೇಳಿದ್ದ."

"ನಮಗೂ ಬಿ.ಎಸ್ಸಿ.ಯಲ್ಲಿ ಈ ಬ್ಲ್ಯಾಕ್ ಬಾಡಿ ಪಾಠ ಇತ್ತು ಸಾರ್. ಊಟ ಆದ ಮೇಲಿನ ಪೀರಿಯಡ್ಡು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಬೆಲ್ ಹೊಡೆಯೋವರೆಗೂ ನಮಗೆ ಅವರ ಬೆನ್ನಿನ ದರ್ಶನವೇ."

ಮೇಷ್ಟ್ರಿಗೆ ಖುಷಿಯಾಯಿತು. "ಹಾಗಾದ್ರೆ ನಿಮ್ಮದು ದೊಡ್ಡ ಪರಂಪರೆ ಕಣ್ರೀ! ಮ್ಯಾಕ್ಸ್ ಪ್ಲಾಂಕ್ 1877ರಲ್ಲಿ ಬರ್ಲಿನ್ನಿಗೆ ಓದೋಕೆ ಹೋದ. ಕಿರ್ಕಾಫ್ ಒಂದೊಂದು ಮಾತನ್ನೂ ತೂಕ ಮಾಡಿಕೊಂಡು ಬಂದು, ಬಾಯಿಪಾಠ ಒಪ್ಪಿಸಿದ ಹಾಗೆ ಹೇಳೋನಂತೆ. ಇನ್ನೊಬ್ಬ ಹೆಲ್ಮ್‌ಹೋಲ್ಟ್ಸ್, ಮಹಾ ಪಂಡಿತ. ತಯಾರಿಯೇ ಇಲ್ಲ. ಪುಟ್ಟ ನೋಟ್‌ಬುಕ್ಕಿನಲ್ಲಿ ತಡಕಾಡೋದು, ಬೋರ್ಡಿನ ಮೇಲೆ ಲೆಕ್ಕ ತಪ್ಪೋದು. ಹುಡುಗರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಕೊನೆಗೆ ಉಳಿದೋರು ಮೂರೇ ಜನ. ಅದರಲ್ಲಿ ಪ್ಲಾಂಕ್ ಒಬ್ಬ."

ಹನ್ನೆರಡು ವರ್ಷ ಬಿಟ್ಟು, 1889ರಲ್ಲಿ, ಅದೇ ಪ್ಲಾಂಕ್ ಕಿರ್ಕಾಫ್‌ನ ಜಾಗಕ್ಕೆ ಬಂದ. 1900ರ ಡಿಸೆಂಬರಿನಲ್ಲಿ ಒಲೆ ಬಾಯಿಯ ಬೆಳಕಿನ ಲೆಕ್ಕ ಬಿಡಿಸಿದ. ಶಕ್ತಿ ನೀರಿನ ಹಾಗೆ ಹರಿಯುವುದಿಲ್ಲ, ಕಾಳು ಕಾಳಾಗಿ ಅಳೆದುಕೊಡಬೇಕು ಎಂದು. ಅದನ್ನೇ 1905-06ರ ಚಳಿಗಾಲದಲ್ಲಿ ಹುಡುಗರಿಗೆ ಪಾಠ ಮಾಡಿ, 1906ರಲ್ಲಿ ಶಾಖ ವಿಕಿರಣದ ಪುಸ್ತಕ ಮಾಡಿದ.

"ಪ್ಲಾಂಕ್ ಪಾಠ ಹೇಗಿತ್ತು?" ನನಗೆ ಬೇಕಾಗಿದ್ದು ಅದೇ.

"ಯಾರನ್ನ ಕೇಳ್ತೀರಿ ಅನ್ನೋದರ ಮೇಲೆ. ಇಂಗ್ಲೆಂಡಿನ ಪಾರ್ಟಿಂಗ್‌ಟನ್ ಅಂತ ಒಬ್ಬ ರಸಾಯನಶಾಸ್ತ್ರದವನು ಕೇಳಿದ್ದ. ಚೀಟಿ ಇಲ್ಲ, ತಪ್ಪಿಲ್ಲ, ತಡವರಿಕೆ ಇಲ್ಲ, ಇಷ್ಟು ಚೆನ್ನಾಗಿ ಪಾಠ ಮಾಡೋರನ್ನ ಕಂಡೇ ಇಲ್ಲ ಅಂತಾನೆ. ಕೂರೋಕೆ ಜಾಗ ಸಾಲದೆ ಗೋಡೆ ಸುತ್ತ ನಿಲ್ಲೋರು. ರೂಮು ಬೆಚ್ಚಗೆ, ಗಾಳಿ ಇಲ್ಲ. ಆಗಾಗ ಒಬ್ಬೊಬ್ಬರು ತಲೆಸುತ್ತಿ ದೊಪ್ಪಂತ ಬೀಳೋರಂತೆ. ಪಾಠ ಮಾತ್ರ ನಿಲ್ಲುತ್ತಿರಲಿಲ್ಲ!"

ಶಾಖದ ಮೇಷ್ಟ್ರ ಕ್ಲಾಸಿನಲ್ಲಿ ಶಾಖಕ್ಕೇ ಬೀಳುವುದು! ನಾವು ನಿದ್ದೆಗಷ್ಟೇ ಬೀಳುತ್ತಿದ್ದೆವು.

"ಇನ್ನೊಬ್ಬಳು ಲೀಸ್ ಮೈಟ್ನರ್. ವಿಯೆನ್ನಾದಲ್ಲಿ ಬೋಲ್ಟ್ಸ್‌ಮನ್ ಪಾಠ ಕೇಳಿದೋಳು. ಅವನು ಮೈಮರೆತು ಪಾಠ ಮಾಡೋನು. 1907ರಲ್ಲಿ ಬರ್ಲಿನ್ನಿಗೆ ಬಂದಳು. ಹೆಣ್ಣುಮಕ್ಕಳಿಗೆ ಅಲ್ಲಿ ಇನ್ನೂ ಪ್ರವೇಶವಿಲ್ಲ, ಪಾಠ ಕೇಳೋಕೆ ಪ್ಲಾಂಕ್ ಅಪ್ಪಣೆ ಕೊಡಬೇಕು. ಡಾಕ್ಟರೇಟ್ ಆಗಿದೆಯಲ್ಲ, ಇನ್ನೇನು ಬೇಕಮ್ಮ ಅಂತ ಕೇಳಿದನಂತೆ. ಭೌತಶಾಸ್ತ್ರ ನಿಜವಾಗಿ ಅರ್ಥ ಆಗಬೇಕು ಅಂದಳು. ಕೂತು ಕೇಳಿದರೆ ಮೊದಮೊದಲು ಪಾಠ ಸಪ್ಪೆ."

ಒಬ್ಬನಿಗೆ ಅಮೃತ, ಇನ್ನೊಬ್ಬಳಿಗೆ ಸಪ್ಪೆ. ನನ್ನ ಬಿ.ಎಸ್ಸಿ. ಮೇಷ್ಟ್ರ ಬೆನ್ನು ನೆನಪಾಗಿ ಕೊಂಚ ನಾಚಿಕೆಯಾಯಿತು. ಮುಂದಿನ ಬೆಂಚಿನಲ್ಲಿ ಇಬ್ಬರು ಬರೆದುಕೊಳ್ಳುತ್ತಲೇ ಇರುತ್ತಿದ್ದರು. ಅವರನ್ನು ನಾನು ಒಮ್ಮೆಯೂ ಕೇಳಲಿಲ್ಲ.

"ಆಮೇಲೆ ಮೈಟ್ನರ್ ಬಿಟ್ಟುಹೋದಳಾ ಸಾರ್?"

"ಎಲ್ಲಿ ಬಿಡ್ತಾಳೆ? 1912ರಲ್ಲಿ ಪ್ಲಾಂಕ್ ಅವಳನ್ನ ತನ್ನ ಅಸಿಸ್ಟೆಂಟ್ ಮಾಡಿಕೊಂಡ." ಮೇಷ್ಟ್ರು ಇನ್ನೊಂದು ಗರಿ ಮುರಿದು ಒಲೆಗೆ ಹಾಕಿದರು. "ಅವನ ಹುಡುಗರ ಲೆಕ್ಕ ತಿದ್ದೋ ಕೆಲಸ."