ಕಾರ್ನ್‌ವಾಲಿಸ್ ಸಾಹೇಬರ ಸಿಕ್ ಲೀವ್

ಕೆಲಸ ಕೆಡಿಸಿದ ಅಧಿಕಾರಿಯನ್ನು ಮನೆಗೆ ಕಳಿಸದೆ ಇನ್ನೂ ಒಳ್ಳೆಯ ಜಾಗಕ್ಕೆ ಎತ್ತಂಗಡಿ ಮಾಡುವ ವಿದ್ಯೆ ನಮ್ಮ ವಿಧಾನಸೌಧದಲ್ಲೇ ಹುಟ್ಟಿತೆಂದು ಯಾರೂ ಜಂಬಪಡಬೇಕಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿಗೇ ಲಂಡನ್ ಅದರಲ್ಲಿ ಪಳಗಿತ್ತು.

ಆ ಯುದ್ಧವನ್ನು ಲಂಡನ್ನಿನಲ್ಲಿ ಕೂತು ನಡೆಸಿದ ಮಂತ್ರಿ ಲಾರ್ಡ್ ಜಾರ್ಜ್ ಜರ್ಮೇನ್. 1759ರ ಮಿಂಡೆನ್ ಕಾಳಗದಲ್ಲಿ ಅಶ್ವದಳ ನುಗ್ಗಿಸು ಎಂದು ಮೇಲಿಂದ ಮೇಲೆ ಆಜ್ಞೆ ಬಂದರೂ ಮಿಸುಕಾಡದ ಮಹಾಶಯ. ಸೇನಾ ನ್ಯಾಯಾಲಯ ವಿಚಾರಣೆ ನಡೆಸಿ, ಈತ ದೊರೆಯ ಸೈನ್ಯದಲ್ಲಿ ಯಾವ ಹುದ್ದೆಗೂ ನಾಲಾಯಕ್ಕು ಎಂದು ತೀರ್ಪಿತ್ತಿತು. ಸರಿ, ಸೈನ್ಯದೊಳಗೆ ತಾನೆ ಬೇಡ? 1775ರಲ್ಲಿ ಸೇನಾಪತಿಗಳ ಮೇಲೆಯೇ ಹುಕುಂ ಚಲಾಯಿಸುವ ಕುರ್ಚಿ ಕೊಟ್ಟರು.

ಅವನ ಕೆಳಗಿನ ಬರ್ಗಾಯ್ನ್ 1777ರಲ್ಲಿ ಸಾರಾಟೋಗಾದಲ್ಲಿ ಇಡೀ ಸೈನ್ಯದೊಂದಿಗೆ ಶರಣಾದ. ಊರಿಗೆ ಮರಳಿ ನಾಟಕ ಬರೆದ, ಚೆನ್ನಾಗಿಯೇ ಓಡಿತು. ಆತ ಆ ಕಸುಬಿಗಷ್ಟೇ ಅಂಟಿಕೊಂಡಿದ್ದರೆ ಎಷ್ಟೋ ಜೀವ ಉಳಿಯುತ್ತಿದ್ದವು.

ಕೆಲಸ ಮಾಡುವವನ ಗತಿ ಏನು ಅಂತೀರಾ? ಎದುರು ಪಾಳೆಯದ ಬೆನೆಡಿಕ್ಟ್ ಆರ್ನಾಲ್ಡ್‌ನನ್ನು ನೋಡಿ. 1777ರಲ್ಲಿ ಐವರು ಕಿರಿಯರಿಗೆ ಬಡ್ತಿ ಕೊಟ್ಟ ಅಮೆರಿಕದ ಕಾಂಗ್ರೆಸ್ ಅವನನ್ನು ಮರೆಯಿತು. ಅದೇ ವರ್ಷ ಸಾರಾಟೋಗಾದಲ್ಲಿ ಕಾಲಿಗೆ ಗುಂಡು ತಿಂದ. 1780ರಲ್ಲಿ ವೆಸ್ಟ್ ಪಾಯಿಂಟ್ ಕೋಟೆಯನ್ನೇ ಬ್ರಿಟಿಷರಿಗೆ ಮಾರಲು ಹೊರಟು, ಗುಟ್ಟು ರಟ್ಟಾಗಿ ಅವರ ಕಡೆಗೆ ಓಡಿದ. ಸಾರಾಟೋಗಾದಲ್ಲಿ ಇಂದಿಗೂ ಅವನ ಬೂಟಿಗೆ ಸ್ಮಾರಕವಿದೆ. ಹೆಸರು ಮಾತ್ರ ಕೆತ್ತಿಲ್ಲ.

ಇನ್ನು ನಮ್ಮ ಸಾಹೇಬರು. 1781ರ ಅಕ್ಟೋಬರ್ 19, ಯಾರ್ಕ್‌ಟೌನ್. ಬ್ರಿಟಿಷ್ ಪಾಳೆಯದ ಏಳು ಸಾವಿರಕ್ಕೂ ಹೆಚ್ಚು ಮಂದಿ ಆಯುಧ ಕೆಳಗಿಡಲು ಸಾಲುಗಟ್ಟಿದ ದಿನವೇ ಅವರ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸರಿಗೆ ಮೈ ಸರಿಯಿರಲಿಲ್ಲ. ಕತ್ತಿ ಹಿಡಿದು ಹೊರಟವನು ಕೈಕೆಳಗಿನ ಓಹಾರ. ಆತ ಅದನ್ನು ಅಮೆರಿಕನ್ನರ ಜೊತೆಗಿದ್ದ ಫ್ರೆಂಚ್ ಸೇನಾಪತಿ ರೋಷಾಂಬೋಗೆ ಒಪ್ಪಿಸಹೋದ; ಅವನು ವಾಷಿಂಗ್ಟನ್ ಕಡೆ ಬೆರಳು ತೋರಿದ. ನಿಮ್ಮ ಯಜಮಾನನೇ ಬಾರದ ಮೇಲೆ ನಾನೇಕೆ ಎಂದು ವಾಷಿಂಗ್ಟನ್ ತನ್ನ ಕೈಕೆಳಗಿನ ಲಿಂಕನ್ ಕಡೆ ಸಾಗಹಾಕಿದ. ಹಿಂದಿನ ವರ್ಷ ಚಾರ್ಲ್ಸ್‌ಟನ್ನಿನಲ್ಲಿ ಬ್ರಿಟಿಷರಿಗೆ ಶರಣಾಗಿದ್ದವನು ಇದೇ ಲಿಂಕನ್. ಶರಣಾಗತಿಯ ವಿಭಾಗದಲ್ಲಿ ಅನುಭವ ಇದ್ದ ಗುಮಾಸ್ತನಿಗೇ ಫೈಲು ಹೋಯಿತೆನ್ನಿ.

ಒಂದು ಖಂಡವೇ ಕೈಬಿಟ್ಟದ್ದಕ್ಕೆ ಸಾಹೇಬರಿಗಾದ ಶಿಕ್ಷೆ ಏನು? 1786ರಲ್ಲಿ ಭಾರತದ ಗವರ್ನರ್ ಜನರಲ್‌ಗಿರಿ. ಜೊತೆಗೆ ದಂಡನಾಯಕನ ಹುದ್ದೆಯೂ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದರು. ಮೇನಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದರೆ ಮೇವಿಲ್ಲ, ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾವೇ ಹಾಳುಗೆಡವಿ ಬಂದ ದಾರಿ ಹಿಡಿದರು. ಹಳೇ ಚಾಳಿ. ಆದರೆ ಈ ಸಲ ಇನ್ನೊಂದು ಅವಕಾಶ ಸಿಕ್ಕಿತು. 1792ರಲ್ಲಿ ನಿಜಾಮ, ಮರಾಠರನ್ನು ಕಟ್ಟಿಕೊಂಡು ಮರಳಿ ಬಂದು, ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಎಳೆಯ ಗಂಡುಮಕ್ಕಳನ್ನು ವಸೂಲು ಮಾಡಿದರು. ಮಾರ್ಕ್ವಿಸ್ ಪದವಿಯೂ ಬಂತು.

ಮಕ್ಕಳನ್ನು ಒಪ್ಪಿಸಿಕೊಂಡ ಆ ದಿನ ಸಾಹೇಬರ ಆರೋಗ್ಯ ಅತ್ಯುತ್ತಮ. ಕಲಾವಿದರು ಮುಗಿಬಿದ್ದು ಅದನ್ನು ಬಿಡಿಸಿದರು. ನಟ್ಟನಡುವೆ ಸಾಹೇಬರು, ಅವರ ಕೈಯಲ್ಲಿ ಮಕ್ಕಳ ಕೈ. ಅತ್ತ ವಾಷಿಂಗ್ಟನ್ ನಗರದ ಸಂಸತ್ ಭವನದಲ್ಲಿ ಟ್ರಂಬುಲ್ ಬಿಡಿಸಿದ ಭಾರಿ ಚಿತ್ರವೊಂದು ತೂಗುತ್ತಿದೆ, ಹೆಸರು ‘ಲಾರ್ಡ್ ಕಾರ್ನ್‌ವಾಲಿಸನ ಶರಣಾಗತಿ’. ಅದರಲ್ಲಿ ಕುದುರೆಗಳಿವೆ, ಬಾವುಟಗಳಿವೆ, ಲಿಂಕನ್ ಇದ್ದಾನೆ. ಕಾರ್ನ್‌ವಾಲಿಸ್ ರಜೆಯಲ್ಲಿದ್ದಾರೆ.