ಬೀಟೆಮರದ ಭುಜಬಲ

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಜೋಡಿ ನಳಿಗೆಯ ಕೋವಿಯಿದೆ. ಬೆಳೆ ಕಾಯಲೆಂದು ಕೊಟ್ಟ ಲೈಸೆನ್ಸು. ಈಗ ಕೋವಿಯನ್ನು ನಾವು ಕಾಯುತ್ತಿದ್ದೇವೆ. ಹೊಳಲ್ಕೆರೆ ಕಡೆಯ ಕಾಡುಹಂದಿಗಳಿಗೂ ಈ ಸಂಗತಿ ಗೊತ್ತು. ನೆಂಟರ ಹಾಗೆ ಮೆಕ್ಕೆಜೋಳದ ಹೊಲಕ್ಕೆ ಬಂದು, ಉಂಡು, ಉರುಳಾಡಿ ಹೋಗುತ್ತವೆ.

ನನಗೂ ಗುಂಡು ಹೊಡೆಯುವ ಆಸೆಯಿಲ್ಲ. ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಳ್ಳುವವನು ನಾನು. ನನ್ನ ಹುಚ್ಚೆಲ್ಲ ಭುಜಕ್ಕೆ ಆನಿಸುವ ಆ ಮರದ ಮೇಲೆ. ಕಾರ್ಖಾನೆಯಿಂದ ಬಂದ ಮರ ಊರಿನ ಎಲ್ಲ ಭುಜಕ್ಕೂ ಒಂದೇ ಅಳತೆ. ಅದು ಕುತ್ತಿಗೆಯ ಬಳಿ ಬಿರುಕು ಬಿಟ್ಟಾಗ ಮನೆಯವರೆಲ್ಲ ಅಯ್ಯೋ ಅಂದರು. ನಾನೂ ಅಂದೆ, ಒಳಗೊಳಗೇ ಹಿಗ್ಗುತ್ತ.

ಹೊಸ ಮರಕ್ಕೆ ಒಂದು ಲೆಕ್ಕವಿದೆ. ತೋಳು ಮಡಿಸಿ, ಮೊಣಕೈಯ ಒಳಮಡಿಕೆಯಿಂದ ತೋರುಬೆರಳಿನವರೆಗೆ ಎಷ್ಟೋ, ಕೋವಿಯ ಟ್ರಿಗರಿನಿಂದ ಮರದ ತುದಿಗೆ ಸುಮಾರು ಅಷ್ಟು. ಸಾಧಾರಣ ಆಳಿಗೆ 14 ಇಂಚಿನ ಆಸುಪಾಸು. ರವಿಕೆ ಅಳೆಯುವ ಟೇಪು ಹಿಡಿದು ಕನ್ನಡಿ ಮುಂದೆ ನಿಂತಿದ್ದಾಗ ಹೆಂಡತಿ ಬಂದಳು.

“ಏನ್ರೀ, ತೋಳು ಅಳೀತಿದೀರಾ? ಹೊಟ್ಟೆ ಅಳೀರಿ, ಟೇಪು ಸಾಲುತ್ತೋ ನೋಡಾಣ.”

ಕೋವಿಗೆ ಅಕ್ರೂಟ್ ಮರವೇ ಸೈ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಹಗುರ, ಗಟ್ಟಿ, ಹವೆ ಬದಲಾದರೂ ಸೊಟ್ಟಗಾಗುವುದಿಲ್ಲ. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಅಕ್ರೂಟ್ ಸಿಗುವುದು ದ್ರಾಕ್ಷಿ ಗೋಡಂಬಿ ಮಾರುವ ಅಂಗಡಿಯಲ್ಲಿ. ನಮ್ಮ ಅಟ್ಟದ ಮೇಲೆ ಅಜ್ಜಿಯ ಬೀಟೆ ಮಂಚದ ಹಲಗೆಯಿತ್ತು. ಹೊಸದುರ್ಗದ ಸೋದರತ್ತೆಗೆ ಅದರ ಮೇಲೆ ಕಣ್ಣಿತ್ತೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಲೈಸೆನ್ಸು ಪಡೆದ ಕೋವಿ ರಿಪೇರಿಯವರು ಹಲಗೆಯನ್ನು ತಿರುವಿ ತಿರುವಿ ನೋಡಿದರು. ಮರದ ಎಳೆ ಕುತ್ತಿಗೆಯ ಉದ್ದಕ್ಕೇ ಹರಿಯಬೇಕು. ಅಡ್ಡ ಬಂದರೆ ಒಂದು ದಿನ ಅಲ್ಲೇ ಲಟಕ್. ಆಮೇಲಿನದು ಕೂತು ನೋಡುವಂಥ ಕೆಲಸ. ಕಬ್ಬಿಣಕ್ಕೆ ದೀಪದ ಮಸಿ ಸವರಿ ಮರದ ಗೂಡಿಗೆ ಒತ್ತಬೇಕು, ಮಸಿ ಅಂಟಿದ ಉಬ್ಬನ್ನಷ್ಟೇ ಉಳಿಯಲ್ಲಿ ಕೆರೆಯಬೇಕು, ಮತ್ತೆ ಒತ್ತಬೇಕು. ಎರಡರ ನಡುವೆ ಉಗುರೂ ತೂರಬಾರದು. ಆದರೆ ಬೀಟೆಯ ಮೈಯೇ ಕಪ್ಪು, ಮಸಿ ಎಲ್ಲಿ ಕಾಣಬೇಕು? “ಕೆಂಪಗಿರೋದು, ಜಿಡ್ಡಿರೋದು ಏನಾದ್ರೂ ತನ್ನಿ ಸಾರ್” ಅಂದರು. ಹಿರಿಯೂರಿನಲ್ಲಿ ಭಾಮೈದನ ಮದುವೆಗೆಂದು ಹೆಂಡತಿ ಕೊಂಡಿದ್ದ ಲಿಪ್‌ಸ್ಟಿಕ್ ಹೀಗೆ ಮುಗಿಯಿತು. ಗೂಡು ಮಾತ್ರ ಅದ್ಭುತವಾಗಿ ಕೂತಿತು.

ಕೈ ಜಾರದಿರಲೆಂದು ಹಿಡಿಯ ಮೇಲೆ ವಜ್ರದಾಕಾರದ ಸಣ್ಣ ಗೆರೆಗಳು. ಹೊಳಪಿಗೆ ಅಗಸೆ ಎಣ್ಣೆ: ತೆಳ್ಳಗೆ ಸವರಿ, ಅಂಗೈಯಲ್ಲಿ ತಿಕ್ಕಿ, ಒಣಗಲು ಬಿಟ್ಟು, ಮತ್ತೆ ತಿಕ್ಕುವುದು. ವಾರ್ನಿಷ್ ಬಳಿದು ಮಿಂಚಿಸಿದ ಮರ ನನಗೆ ಆಗಿಬರುವುದಿಲ್ಲ. ತಲೆಗೆ ಎಣ್ಣೆ ಒತ್ತಿ ಅಂದರೆ ಕೈನೋವು ಅನ್ನುವ ಗಂಡ ತಿಂಗಳುಗಟ್ಟಲೆ ಕೋವಿಗೆ ಅಭ್ಯಂಜನ ಮಾಡಿಸುವುದನ್ನು ಹೆಂಡತಿ ನೋಡಿದಳು. “ದುರ್ಗದಲ್ಲಿ ಹೆಸರು ಉಳಿದಿರೋದು ಓಬವ್ವನ ಒನಕೆಗೆ. ಅದಕ್ಕೆ ಯಾರೂ ಪಾಲಿಶ್ ಹಾಕಿರಲಿಲ್ಲ” ಅಂದಳು.

ಕೊಡಗಿನಲ್ಲಾದರೆ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ನಮ್ಮಲ್ಲಿ ಆಯುಧಪೂಜೆಗೆ ಟ್ರ್ಯಾಕ್ಟರಿಗೂ ಬೋರ್‌ವೆಲ್ ಮೋಟಾರಿಗೂ ಆದಮೇಲೆ ಉಳಿದ ಚೆಂಡುಹೂವು ಅದಕ್ಕೆ. ಅಷ್ಟರಲ್ಲಿ ಚುನಾವಣೆ ಬರುತ್ತದೆ, ಕೋವಿ ಠಾಣೆಗೆ ಹೋಗುತ್ತದೆ. 2023ರಲ್ಲಿ ವಿಧಾನಸಭೆಗೆ ಹೋಯಿತು, 2024ರಲ್ಲಿ ಲೋಕಸಭೆಗೆ. ಚಳ್ಳಕೆರೆ ಕಂಬಳಿಯಲ್ಲಿ ಸುತ್ತಿ ಒಪ್ಪಿಸುತ್ತ, “ಗೋಡೆಗೆ ಒರಗಿಸಬೇಡಿ, ಗೀರು ಬೀಳುತ್ತೆ” ಅಂದೆ. ಪೇದೆ ರಸೀದಿಯಿಂದ ತಲೆಯೆತ್ತಿ, “ಇದು ಠಾಣೆ ಸಾರ್, ಷೋರೂಂ ಅಲ್ಲ” ಅಂದರು.

ಮಿಕ್ಕಿದ ಬೀಟೆ ತುಂಡಿನಿಂದ ಹೆಂಡತಿ ನಮ್ಮೂರ ಆಚಾರ್ರ ಹತ್ತಿರ ಎಳನೀರು ಕೆತ್ತುವ ಮಚ್ಚಿಗೆ ಹಿಡಿ ಹಾಕಿಸಿಕೊಂಡಿದ್ದಳು. ಕೋವಿ ಠಾಣೆಯಲ್ಲಿದ್ದಾಗಲೇ ಸೋದರತ್ತೆ ಬಂದರು. ಮಂಚ ಏನಾಯಿತು ಅಂತ ಕೇಳಿದರು; ಕೋವಿಯಾಯಿತು ಅಂದೆ. ಕೋವಿ ಎಲ್ಲಿ ಅಂದರು, ಠಾಣೇಲಿ ಅಂದೆ. ಅತ್ತೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಮಚ್ಚನ್ನು ಕೈಗೆತ್ತಿಕೊಂಡು, ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು.

“ಏನು ಚೆನ್ನಾಗಿ ಕೂರುತ್ತೋ ಕೈಗೆ! ಅಮ್ಮನ ಮಂಚದಲ್ಲಿ ನನ್ನ ಪಾಲು ಬಂತು ಬಿಡು” ಎಂದು ಅದನ್ನು ಚೀಲಕ್ಕೆ ಇಳಿಸಿದರು.