ಸಾಯಲು ಅಪ್ಪಣೆಯಿಲ್ಲ

'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಸರಣಿಯ ಕಡಲ್ಗಳ್ಳರಿಗೆ ಇಲ್ಲದ ಸ್ವಾತಂತ್ರ್ಯ ಒಂದೇ: ಸಾಯುವುದು. ಕುಡಿಯಬಹುದು, ದೋಚಬಹುದು, ಕೊಟ್ಟ ಮಾತಿಗೆ ತಪ್ಪಬಹುದು. ಸತ್ತರೆ ಮಾತ್ರ ಮುಂದಿನ ಭಾಗಕ್ಕೆ ಎಬ್ಬಿಸಿ ಕರೆತರುತ್ತಾರೆ. 2003ರ ಮೊದಲ ಚಿತ್ರದಲ್ಲಿ ಜ್ಯಾಕ್ ಸ್ಪ್ಯಾರೋ ಹತ್ತು ವರ್ಷ ಜೋಪಾನ ಮಾಡಿಟ್ಟಿದ್ದ ಒಂದೇ ಗುಂಡನ್ನು ಕ್ಯಾಪ್ಟನ್ ಬಾರ್ಬೋಸಾನ ಎದೆಗೆ ಹೊಡೆದ. ಬಾರ್ಬೋಸಾ ಬಿದ್ದ, ಕೈಯಲ್ಲಿದ್ದ ಹಸಿರು ಸೇಬು ಉರುಳಿತು, ಕಥೆ ಮುಗಿಯಿತು. 2006ರ ಎರಡನೆಯ ಚಿತ್ರದ ಕೊನೆಗೆ ನೋಡಿದರೆ ಅದೇ ಪುಣ್ಯಾತ್ಮ ಮೆಟ್ಟಿಲಿಳಿದು ಬಂದು ಇನ್ನೊಂದು ಸೇಬು ಕಚ್ಚುತ್ತಿದ್ದಾನೆ. ಜೆಫ್ರಿ ರಶ್‌ರಂಥ ನಟ ಸಿಕ್ಕಮೇಲೆ ಸಾವಿನಂಥ ಕ್ಷುಲ್ಲಕ ಕಾರಣಕ್ಕೆ ಕೈಬಿಡುವುದುಂಟೆ? ಅಷ್ಟರಲ್ಲಿ ಕ್ರಾಕನ್ ಎಂಬ ಕಡಲದೈತ್ಯ ಜ್ಯಾಕ್‌ನನ್ನು ಹಡಗಿನ ಸಮೇತ ನುಂಗಿತ್ತು. 2007ರಲ್ಲಿ ಅವನೂ ಹಾಜರು, ಹಡಗೂ ಹಾಜರು.

ಮೊದಲ ಚಿತ್ರದ ಶಾಪ ನೆನಪಿದೆಯಲ್ಲ? ಅಜ್ಟೆಕ್ ಚಿನ್ನದ 882 ನಾಣ್ಯ. ಕದ್ದವರಿಗೆ ಸಾವಿಲ್ಲ, ಎಷ್ಟು ತಿಂದರೂ ಹಸಿವು ಹಿಂಗುವುದಿಲ್ಲ, ಬಾಯಿಗಿಟ್ಟದ್ದೆಲ್ಲ ಬೂದಿ. ಆ ನಾಣ್ಯಗಳಲ್ಲಿ ಒಂದೆರಡು ಡಿಸ್ನಿ ಕಂಪನಿಯ ಜೇಬಿಗೂ ಬಿದ್ದಿರಬೇಕು. ಎರಡನೆಯ ಚಿತ್ರ ನೂರು ಕೋಟಿ ಡಾಲರ್ ದಾಟಿತು, ಹೊಟ್ಟೆ ತುಂಬಲಿಲ್ಲ. 2011ರ ನಾಲ್ಕನೆಯದೂ ದಾಟಿತು, ಆಗಲೂ ತುಂಬಲಿಲ್ಲ. 2017ರಲ್ಲಿ ಐದನೆಯದು ಬಂತು. ಅದರ ಹೆಸರೇ 'ಡೆಡ್ ಮೆನ್ ಟೆಲ್ ನೋ ಟೇಲ್ಸ್', ಅಂದರೆ ಸತ್ತವರು ಕಥೆ ಹೇಳುವುದಿಲ್ಲವಂತೆ. ಇಷ್ಟು ವರ್ಷ ಸತ್ತವರಿಂದ ಕಥೆ ಹೇಳಿಸಿಯೇ ಅನ್ನ ತಿಂದವರ ಧೈರ್ಯ ಮೆಚ್ಚಬೇಕು.

ಜಾನಿ ಡೆಪ್‌ನ ಜ್ಯಾಕ್ ಅಸಲಿಗೆ ಕಥಾನಾಯಕನಲ್ಲ. ಮೊದಲ ಚಿತ್ರದ ಪ್ರೇಮ, ತ್ಯಾಗ, ಕತ್ತಿವರಸೆಯೆಲ್ಲ ಕಮ್ಮಾರ ಹುಡುಗ ವಿಲ್ ಟರ್ನರ್ ಮತ್ತು ಗವರ್ನರ್ ಮಗಳು ಎಲಿಜಬೆತ್‌ಗೆ ಸೇರಿದ್ದು. ನಡುವೆ ತೂರಾಡುತ್ತ ಬಂದು ಕೆಲಸ ಕೆಡಿಸಿ ಹೋಗುವವನು ಜ್ಯಾಕ್. ಆ ತೂರಾಟಕ್ಕೆ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಸ್ಫೂರ್ತಿ ಎಂದು ಡೆಪ್ ಹೇಳಿಕೊಂಡಿದ್ದಾನೆ. ಮೊದಮೊದಲ ದೃಶ್ಯಗಳನ್ನು ನೋಡಿ ಡಿಸ್ನಿಯ ಸಾಹೇಬರು ಬೆವರಿದ್ದರು. ಆಸ್ಕರ್ ನಾಮನಿರ್ದೇಶನ ಬಂದಮೇಲೆ ಬೆವರು ಒರೆಸಿಕೊಂಡರು. ಆಮೇಲೆ ಮಾಡಿದ ಎಡವಟ್ಟು ನೋಡಿ: ನಾಲ್ಕನೆಯ ಚಿತ್ರದಲ್ಲಿ ಪ್ರೇಮಿಗಳಿಬ್ಬರನ್ನೂ ಎತ್ತಿಬಿಟ್ಟು ಎಲೆತುಂಬ ಉಪ್ಪಿನಕಾಯಿಯನ್ನೇ ಬಡಿಸಿದರು. ಇತ್ತ ಬಂಧುಬಳಗವೂ ಬೆಳೆಯಿತು. ಮೂರನೆಯದರಲ್ಲಿ ಕೀತ್ ರಿಚರ್ಡ್ಸ್‌ನೇ ಜ್ಯಾಕ್‌ನ ಅಪ್ಪನಾಗಿ ಬಂದ. ಐದನೆಯದರಲ್ಲಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಜೈಲಿನೊಳಗಿನ ಅಂಕಲ್. ಸೋದರತ್ತೆ ಯಾವ ಬ್ಯಾಂಡಿನಿಂದಲೋ!

ಆದರೆ ನನಗೆ ಸರಣಿಯಲ್ಲಿ ಎಲ್ಲರಿಗಿಂತ ನಿಜವೆನಿಸುವವನು ಟಾಮ್ ಹಾಲಂಡರ್ ಮಾಡಿದ ಲಾರ್ಡ್ ಕಟ್ಲರ್ ಬೆಕೆಟ್. ಈಸ್ಟ್ ಇಂಡಿಯಾ ಟ್ರೇಡಿಂಗ್ ಕಂಪನಿಯ ಕುಳ್ಳ ದೊರೆ. ಕತ್ತಿ ಹಿರಿಯುವುದಿಲ್ಲ, ಟೀ ಕುಡಿಯುತ್ತಾನೆ, ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಬಿಲ್ ನೈ ಅಭಿನಯದ ಡೇವಿ ಜೋನ್ಸ್ ಕಡಲಿಗೇ ಯಮ, ಗಡ್ಡದ ತುಂಬ ಆಕ್ಟೋಪಸ್ ಬಾಹುಗಳು. ಅಂಥವನ ಹೃದಯವಿರುವ ಪೆಟ್ಟಿಗೆ ಕೈಗೆ ಸಿಕ್ಕಿದ್ದೇ ತಡ, ಅವನ ಮುದ್ದಿನ ಕ್ರಾಕನ್‌ನನ್ನು ಅವನ ಕೈಯಿಂದಲೇ ಕೊಲ್ಲಿಸುತ್ತಾನೆ. ಕಂಪನಿಯೆಂದರೆ ಹೀಗಿರುತ್ತದೆ ಎಂದು ಇಷ್ಟು ಚೆನ್ನಾಗಿ ತೋರಿಸಲು ಒಳಗಿನವರೇ ಬೇಕು. ಬೆಕೆಟ್ ತೆರೆಗೆ ಬಂದ 2006ರಲ್ಲೇ ಡಿಸ್ನಿ ಪಿಕ್ಸಾರ್ ಅನ್ನು ಕೊಂಡಿತು. 2009ರಲ್ಲಿ ಮಾರ್ವೆಲ್, 2012ರಲ್ಲಿ ಲುಕಾಸ್‌ಫಿಲ್ಮ್, 2019ರಲ್ಲಿ ಫಾಕ್ಸ್‌ನ ಸ್ಟುಡಿಯೋ. ಇವೆಲ್ಲ ಯಾರ ಹೃದಯವಿದ್ದ ಪೆಟ್ಟಿಗೆಗಳೋ ಏನೋ.

ಈಸ್ಟ್ ಇಂಡಿಯಾ ಕಂಪನಿಯನ್ನು ಖಳನಾಗಿಸಿದರೂ ಅದರ ದಫ್ತರ ಮಾತ್ರ ಚಿತ್ರಕಥೆಗಾರರಿಗೆ ಪ್ರಮಾಣ. ಮೂರನೆಯ ಚಿತ್ರದಲ್ಲಿ ಒಂಬತ್ತು ಕಡಲ್ಗಳ್ಳ ದೊರೆಗಳ ಸಭೆ ಸೇರುತ್ತದೆ. ಹಿಂದೂ ಮಹಾಸಾಗರದ ಪ್ರತಿನಿಧಿ ಶ್ರೀ ಸಂಭಾಜಿ. ಹೆಸರು ಕೇಳಿದರೆ ಕಾನ್ಹೋಜಿ ಆಂಗ್ರೆಯ ಮಗನ ನೆನಪಾಗುತ್ತದೆ. ಕೊಂಕಣ ಕರಾವಳಿಯಲ್ಲಿ ಮರಾಠಾ ನೌಕಾಪಡೆ ಮುನ್ನಡೆಸಿ, ನಮ್ಮ ನೀರಿಗೆ ಬಂದರೆ ರಹದಾರಿ ತೋರಿಸಿ ಎಂದವನು ಕಾನ್ಹೋಜಿ. ಆ ತಪ್ಪಿಗೆ ಕಂಪನಿ ಅವನನ್ನು ಕಡಲ್ಗಳ್ಳ ಎಂದು ಬರೆದಿಟ್ಟಿತು. ಹಾಲಿವುಡ್ ಅದನ್ನೇ ನಕಲು ಮಾಡಿಕೊಂಡು, ಪೇಟ ಸುತ್ತಿ, ಇರಾನ್ ಮೂಲದ ನಟನನ್ನು ತಂದು ಕೂರಿಸಿತು. ಸಭೆಯಲ್ಲಿ ಅವನ ಪರವಾಗಿ ಸೇವಕರೇ ಮಾತಾಡುತ್ತಾರೆ. ಕಡೆಗೊಮ್ಮೆ ಬಾಯಿ ಬಿಟ್ಟಾಗ ಹೊರಡುವುದು ಕೀಚಲು ದನಿ, ನಗಲಿಕ್ಕೆ.

ಅದೇ ಸಭೆಯಲ್ಲಿ ರಾಜನ ಚುನಾವಣೆಯೂ ಆಯಿತು. ಒಬ್ಬೊಬ್ಬನೂ ತನಗೆ ತಾನೇ ವೋಟು ಹಾಕಿಕೊಂಡ. ಜ್ಯಾಕ್ ಒಬ್ಬನೇ ಎಲಿಜಬೆತ್‌ಗೆ ಹಾಕಿದ್ದರಿಂದ ಅವಳು ಎರಡು ವೋಟಿಗೆ ಗೆದ್ದು ಕಡಲ್ಗಳ್ಳರ ರಾಜನಾದಳು. ಆ ಪಾತ್ರದ ಕೀರಾ ನೈಟ್ಲಿ ಹಡಗಿನ ಮೇಲೆ ನಿಂತು ಯುದ್ಧದ ಭಾಷಣ ಮಾಡಿದಳು. ಗಂಡ ವಿಲ್ ಎದೆಗೆ ಕತ್ತಿ ಹಾಕಿಸಿಕೊಂಡು ಸತ್ತ, ನಿಯಮದ ಪ್ರಕಾರ ಎದ್ದ. ಹತ್ತು ವರ್ಷಕ್ಕೊಂದು ದಿನ ಮಾತ್ರ ನೆಲ ಮುಟ್ಟಬಹುದೆಂಬ ಷರತ್ತು ಅವನಿಗೆ. ವಿಲ್ ಪಾತ್ರದ ಓರ್ಲಾಂಡೋ ಬ್ಲೂಮ್‌ನ ಕಾಲ್‌ಶೀಟ್ ಕೂಡ ಹೆಚ್ಚುಕಡಿಮೆ ಹಾಗೇ ನಡೆಯಿತು, 2007 ಬಿಟ್ಟರೆ 2017. ಆ ಚಿತ್ರದ ಕೊನೆಗೆ ಎಲಿಜಬೆತ್ ಕೂಡ ಬರುತ್ತಾಳೆ. ಓಡಿ ಬಂದು ಗಂಡನನ್ನು ತಬ್ಬಿಕೊಳ್ಳುತ್ತಾಳೆ. ಚುನಾಯಿತ ರಾಜನಿಗೆ ಇಡೀ ಚಿತ್ರದಲ್ಲಿ ಒಂದೇ ಒಂದು ಸಂಭಾಷಣೆಯಿಲ್ಲ. ಬಾರ್ಬೋಸಾನ ಕೋತಿಗಾದರೂ ಕಿರುಚಲು ಬಿಟ್ಟಿದ್ದಾರೆ.